ಗಾಳಿಗೆ ಹೋದ ಪಾಳಿ ಪುಸ್ತಕ

ಇದನ್ನು ಹೇಳಲು ಬಾಯಿ ತೆರೆದದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಇದರಲ್ಲಿ ಕೊಲೆಯಿಲ್ಲ, ಪ್ರೇಮವಿಲ್ಲ. ಒಂದು ಕಪಾಟು, ಒಂದು ಪುಸ್ತಕ, ಇವತ್ತಿಗೂ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗಿ ಬರುತ್ತಿರುವ ಒಬ್ಬನ ನಾಚಿಕೆ, ಇಷ್ಟೇ. ಇನ್ನೊಬ್ಬರ ನಾಚಿಕೆಯನ್ನು ಬೀದಿಗೆ ತರುವ ಹಕ್ಕು ಯಾರಿಗಿದೆ ಎಂದು ಕೇಳಿದರೆ ಉತ್ತರವಿಲ್ಲ. ಹೇಳದೆ ಇದ್ದರೂ ಎದೆಯ ಮೇಲೆ ಕಲ್ಲು ಇಟ್ಟಂತಾಗುತ್ತದೆ. ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ನೀರು ಸರಬರಾಜು ಇಲಾಖೆಯ ಎರಡನೇ ಮಹಡಿಯಲ್ಲಿ, ಮೆಟ್ಟಿಲು ಹತ್ತಿ ಎಡಕ್ಕೆ ತಿರುಗಿದರೆ ಮಾಹಿತಿ ವಿಭಾಗ. ಮೂರು ಮೇಜು, ನಾಲ್ಕು ಕಬ್ಬಿಣದ ಕಪಾಟು, ಅರ್ಧ ಮಾತ್ರ ತೆರೆಯುವ ಒಂದು ಕಿಟಕಿ. ಇಲಾಖೆಯ ಯಾವುದೇ ಕಾಗದ ಬೇಕೆಂದು ಜನ ಇಲ್ಲಿ ಅರ್ಜಿ ಕೊಡಬಹುದು, ಮೂವತ್ತು ದಿನದೊಳಗೆ ಅವರಿಗೆ ಉತ್ತರ ಹೋಗಬೇಕು. ಅದು ಕಾನೂನು. ಆ ಕಾನೂನನ್ನು ಆಫೀಸಿನವರು ಓದಿಕೊಂಡ ರೀತಿಯಲ್ಲಿ, ಉತ್ತರ ಕೊಡಬೇಕಿತ್ತೇ ಹೊರತು ಕೇಳಿದ್ದನ್ನು ಕೊಡಬೇಕಿರಲಿಲ್ಲ.

ಉತ್ತರ ಬರೆಯುವ ಗುಮಾಸ್ತನಿಗೆ ಆಫೀಸಿನವರು ಇಟ್ಟ ಹೆಸರು ತಕ್ಕಡಿ. ಒಂದು ಪತ್ರ ಸಹಿಗೆ ಹೋಗುವ ಮುನ್ನ ಅವನು ಅದನ್ನು ನಾಲ್ಕು ಸಲ ಓದುತ್ತಿದ್ದ. ‘ಇಲ್ಲ’ ಎಂದು ಬರೆಯುವುದೋ ‘ಕಂಡುಬಂದಿಲ್ಲ’ ಎಂದು ಬರೆಯುವುದೋ ಎಂದು ಅರ್ಧ ದಿನ ತೂಗುತ್ತಿದ್ದ. ಚಿಕ್ಕ ವಯಸ್ಸಿಗೇ ದುಡಿಯಲು ಇಳಿದು, ಸಂಜೆ ಕಾಲೇಜಿನಲ್ಲಿ ಆರು ವರ್ಷ ತೂಕಡಿಸುತ್ತಾ ಪದವಿ ಮಾಡಿಕೊಂಡವನು. ಹಗಲು ಕಾಲೇಜಿನಲ್ಲಿ ಕಲಿತವರ ನಡುವೆ ತನ್ನ ಬಂಡವಾಳ ಯಾವತ್ತಾದರೂ ಬಯಲಾಗುತ್ತದೆ ಎಂಬ ಅಳುಕು ಅವನನ್ನು ಬಿಟ್ಟಿರಲಿಲ್ಲ. ಅವನಿಗಿದ್ದ ಧೈರ್ಯ ಒಂದೇ: ಹದಿನಾಲ್ಕು ವರ್ಷದಲ್ಲಿ ಅವನು ಒಂದೇ ಒಂದು ಸುಳ್ಳು ವಾಕ್ಯ ಬರೆದಿರಲಿಲ್ಲ.

ಸುಳ್ಳು ಬರೆಯದೆ ಆ ಕುರ್ಚಿಯಲ್ಲಿ ಹದಿನಾಲ್ಕು ವರ್ಷ ಕೂರಲು ಒಂದು ದಾರಿಯಿತ್ತು. ಅದಕ್ಕೆ ಅಲ್ಲಿ ‘ಗಾಳಿಗೆ ಕಳಿಸುವುದು’ ಎನ್ನುತ್ತಿದ್ದರು. ಯಾರಾದರೂ ಎಡವಟ್ಟಿನ ಕಾಗದ ಕೇಳಿದರೆ ವಿಭಾಗದ ಸಾಹೇಬರು ಕೊಡಬೇಡಿ ಎಂದು ಎಂದೂ ಹೇಳುತ್ತಿರಲಿಲ್ಲ. ಕನ್ನಡಕ ಒರೆಸಿಕೊಳ್ಳುತ್ತಾ, “ಅದಕ್ಕೆ ಸ್ವಲ್ಪ ಗಾಳಿ ಆಡ್ಲಿ, ತಕ್ಕಡಿಯವ್ರೆ” ಎನ್ನುತ್ತಿದ್ದರು. ಆಗ ತಕ್ಕಡಿ ಕಪಾಟಿನಿಂದ ಆ ಕಡತವನ್ನು ತೆಗೆದು ಜವಾನನ ಕೈಗೆ ಕೊಡುತ್ತಿದ್ದ. ಜವಾನ ಅದನ್ನು ಕಂಕುಳಲ್ಲಿ ಇರುಕಿಕೊಂಡು, ಪಡಸಾಲೆ ದಾಟಿ, ಎದುರಿನ ನಕ್ಷೆ ವಿಭಾಗದ ಕಿಟಕಿ ಕಟ್ಟೆಯ ಮೇಲೆ ಇಟ್ಟು ಬರುತ್ತಿದ್ದ. ಕಡತ ಎಲ್ಲಿಗೆ ಹೋಯಿತೆಂದು ಚೀಟಿ ಅಂಟಿಸುತ್ತಿರಲಿಲ್ಲ, ರಿಜಿಸ್ಟರಿನಲ್ಲಿ ಬರೆಯುತ್ತಿರಲಿಲ್ಲ. ಬರೆದರೆ ನಾಳೆ ಆ ರಿಜಿಸ್ಟರನ್ನೇ ಕೇಳುವವರು ಹುಟ್ಟುತ್ತಾರೆ. ಆಮೇಲೆ ತಕ್ಕಡಿ ಕಪಾಟಿನ ಮುಂದೆ ನಿಂತು ಹುಡುಕುತ್ತಿದ್ದ. ಹುಡುಕಿದ ಹಾಗೆ ನಟಿಸುತ್ತಿರಲಿಲ್ಲ, ನಿಜವಾಗಿಯೇ ಹುಡುಕುತ್ತಿದ್ದ. ಪ್ರತಿ ಅಂತಸ್ತು, ಪ್ರತಿ ಕಟ್ಟು, ಕೈಯೆಲ್ಲ ಮಸಿಯಾಗುವ ತನಕ. ಹುಡುಕಿದ್ದು ಸಿಗದೆ ಇದ್ದಾಗ ಸ್ವಚ್ಛ ಮನಸ್ಸಿನಿಂದ ಬರೆಯುತ್ತಿದ್ದ: ‘ಈ ದಿನ ಈ ವಿಭಾಗದ ಕಪಾಟುಗಳಲ್ಲಿ ಹುಡುಕಲಾಗಿ, ತಾವು ಕೋರಿದ ದಾಖಲೆ ಕಂಡುಬಂದಿರುವುದಿಲ್ಲ.’ ಪತ್ರ ಟಪಾಲಿಗೆ ಹೋದ ಮೇಲೆ ಕಡತ ಮರಳಿ ಬರುತ್ತಿತ್ತು. ಹಾವೂ ಸಾಯುತ್ತಿರಲಿಲ್ಲ, ಕೋಲೂ ಮುರಿಯುತ್ತಿರಲಿಲ್ಲ.

ಇನ್ನೊಂದು ನಿಯಮವೂ ಇತ್ತು. ಅದು ಹಿಂದೆ ಆ ಕುರ್ಚಿಯಲ್ಲಿದ್ದ ಹಿರಿಯ ಗುಮಾಸ್ತರು ನಿವೃತ್ತಿಯ ದಿನ ಅವನ ಕಿವಿಯಲ್ಲಿ ಹೇಳಿ ಹೋದದ್ದು. “ಕಡತಾನ ಮುಟ್ಟು, ಓದ್ಬೇಡ. ಓದಿದೋನಿಗೆ ಗೊತ್ತಾಗುತ್ತೆ. ಗೊತ್ತಾದೋನು ಸಾಕ್ಷಿ ಆಗ್ತಾನೆ.” ತಕ್ಕಡಿ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದ.

ಇಸ್ತ್ರಿ ಅಂಗಡಿಯ ಹೆಂಗಸು ಬಂದದ್ದು ಒಂದು ಬೆಳಿಗ್ಗೆ. ಐವತ್ತರ ಆಸುಪಾಸು, ಬಲಗೈಯ ಮೇಲೆ ಹಳೆಯ ಸುಟ್ಟ ಗುರುತುಗಳು. ಎರಡು ರಟ್ಟುಗಳ ನಡುವಿನಿಂದ ಅರ್ಜಿಯನ್ನು ಮೆಲ್ಲಗೆ ತೆಗೆದು ಮೇಜಿನ ಮೇಲೆ ಇಟ್ಟಳು. ಕಾಗದದಲ್ಲಿ ಒಂದು ಸುಕ್ಕೂ ಇರಲಿಲ್ಲ.

“ಮಡಚಿಲ್ಲ ಸರ್. ಕೈಯಲ್ಲಿ ಹಿಡ್ಕೊಂಡಾಗ ಸ್ವಲ್ಪ ಮುದುರಿತ್ತು, ಒಂದು ಸಲ ತಿಕ್ದೆ.”

ಜವಾನ ಇಣುಕಿ ನೋಡಿದ. “ನಮ್ಮ ಸಾಹೇಬ್ರ ಪ್ಯಾಂಟಿಗಿಂತ ಇದೇ ನೀಟಾಗಿದೆ.”

“ನನ್ನ ಅಂಗಡಿಗೆ ಕಳಿಸಿ, ಅದನ್ನೂ ನೋಡೋಣ” ಎಂದಳು ಆಕೆ. ತಕ್ಕಡಿಗೂ ನಗು ಬಂತು.

ಆಕೆ ಕೇಳಿದ್ದು ಮೂರನೇ ಪಂಪ್‌ಹೌಸಿನ ಪಾಳಿ ಪುಸ್ತಕ. ಪಂಪ್ ನಡೆಸುವವನು ತನ್ನ ಪಾಳಿ ಮುಗಿದಾಗ ನೀರಿನ ಮಟ್ಟ, ಒತ್ತಡ, ಏನಾದರೂ ಕೆಟ್ಟಿದ್ದರೆ ಅದು, ಎಲ್ಲವನ್ನೂ ಬರೆದು ಸಹಿ ಹಾಕುವ ಪುಸ್ತಕ ಅದು. ವಾರಕ್ಕೊಮ್ಮೆ ಎಂಜಿನಿಯರ್ ಅದನ್ನು ನೋಡಿ ಕೆಳಗೆ ಸಹಿ ಹಾಕಬೇಕು. ತುಂಬಿದ ಪುಸ್ತಕ ಮಾಹಿತಿ ವಿಭಾಗದ ಕಪಾಟಿಗೆ ಬಂದು ಸೇರುತ್ತದೆ. ಆಕೆಯ ತಮ್ಮ ಅಲ್ಲಿ ಪಂಪ್ ನಡೆಸುತ್ತಿದ್ದ. ಎರಡು ವರ್ಷದ ಹಿಂದೆ ಒಂದು ಮುಂಜಾನೆ ಒತ್ತಡ ಹೆಚ್ಚಾಗಿ ದೊಡ್ಡ ಕೊಳವೆ ಒಡೆದು, ಪಕ್ಕದ ಗೋಡೆ ಕುಸಿದು, ಹಾಲು ತರಲು ಹೊರಟಿದ್ದ ಒಬ್ಬ ಅಜ್ಜನ ಕಾಲು ಹೋಯಿತು. ಪಂಪ್ ನಡೆಸುವವನ ಅಜಾಗರೂಕತೆ ಎಂದು ವಿಚಾರಣೆಯಲ್ಲಿ ತೀರ್ಮಾನವಾಗಿ ಅವನನ್ನು ಕೆಲಸದಿಂದ ತೆಗೆದರು. ಒತ್ತಡ ತೋರಿಸುವ ಮೀಟರೇ ಕೆಟ್ಟಿತ್ತು, ಹಿಂದಿನ ತಿಂಗಳು ಮೂರು ಸಲ ಪುಸ್ತಕದಲ್ಲಿ ಬರೆದಿದ್ದೆ ಎಂದು ಅವನು ಹೇಳಿದ. ಪುಸ್ತಕವನ್ನು ಯಾರೂ ತರಿಸಲಿಲ್ಲ. ಈಗ ಮೇಲ್ಮನವಿ ಮಂಡಳಿಯ ಮುಂದೆ ಕೊನೆಯ ವಿಚಾರಣೆ ಬಾಕಿಯಿತ್ತು, ಅದಕ್ಕೆ ಎರಡು ತಿಂಗಳಿತ್ತು.

“ಬರೆದಿದ್ದು ಖಂಡಿತಾನಾ ಅಮ್ಮ?” ಎಂದು ತಕ್ಕಡಿ ಕೇಳಿದ. ಕೇಳಬೇಕಾದ ಪ್ರಶ್ನೆಯೇ ಅಲ್ಲ ಅದು.

“ಮೊದಮೊದ್ಲು ಗೋಡೆ ಗುದ್ದಿ ಹೇಳ್ತಿದ್ದ ಸರ್. ಈಗೀಗ, ಅಕ್ಕಾ, ನಾನು ಬರೆದಿದ್ನಾ, ಇಲ್ಲಾ ಬರೀಬೇಕು ಅಂದ್ಕೊಂಡು ಮರೆತ್ನಾ ಅಂತ ನನ್ನೇ ಕೇಳ್ತಾನೆ. ನಾನು ಬಟ್ಟೆ ತಿಕ್ಕೋಳು, ನನಗೇನು ಗೊತ್ತು? ಇದ್ರೆ ಇದೆ ಅಂತ ತೋರಿಸ್ತೀನಿ. ಇಲ್ದಿದ್ರೆ ಇಲ್ಲ ಅಂತ ತೋರಿಸ್ತೀನಿ. ಎರಡರಲ್ಲಿ ಒಂದು ಗೊತ್ತಾದ್ರೆ ಮನುಷ್ಯ ಉಣ್ತಾನೆ, ಮಲಗ್ತಾನೆ.”

ತಕ್ಕಡಿ ಅರ್ಜಿಗೆ ಮೊಹರು ಹಾಕಿದ. ಆ ಸುಕ್ಕಿಲ್ಲದ ಕಾಗದವನ್ನು ಮಡಚಲು ಕೈ ಬರದೆ ಹಾಗೆಯೇ ಕಡತದಲ್ಲಿಟ್ಟ.

ಅಂದು ಪುಸ್ತಕ ನೋಡಿ ಸಹಿ ಹಾಕಬೇಕಿದ್ದ ಎಂಜಿನಿಯರ್ ಈಗ ನಾಲ್ಕನೇ ಮಹಡಿಯಲ್ಲಿ ಕೂರುತ್ತಿದ್ದರು. ಸಾಹೇಬರ ಬಡ್ತಿಯ ಕಾಗದ ಆ ಎಂಜಿನಿಯರರ ಮೇಜಿನ ಮೇಲೆಯೇ ಇತ್ತು. ಇಪ್ಪತ್ತೆಂಟನೇ ದಿನ, ಶುಕ್ರವಾರ, ಸಾಹೇಬರು ಕನ್ನಡಕ ಒರೆಸಿಕೊಂಡರು.

ತಕ್ಕಡಿ ಎರಡನೇ ಕಪಾಟಿನ ಮೂರನೇ ಅಂತಸ್ತಿನಿಂದ ಪುಸ್ತಕ ತೆಗೆದ. ನೀಲಿ ರೆಕ್ಸಿನ್ ರಟ್ಟು, ಅಡ್ಡಕ್ಕೆ ಕಟ್ಟಿದ ಬಿಳಿ ಲಾಡಿ, ಹೆಸರಿನ ಚೀಟಿಯ ಮೇಲೆ ಯಾರೋ ಚಹಾದ ಲೋಟ ಇಟ್ಟ ಕಂದು ಉಂಗುರ. ಹೆಬ್ಬೆರಳು ಗಂಟಿನ ಮೇಲಿತ್ತು. ಬಿಚ್ಚಿದ್ದರೆ ಒಂದು ನಿಮಿಷದ ಕೆಲಸ. ಗೊತ್ತಾದವನು ಸಾಕ್ಷಿ ಆಗುತ್ತಾನೆ. ಅವನು ಬೆರಳು ತೆಗೆದ.

“ಇವತ್ತು ಇವರ ವಾಯುವಿಹಾರವೋ?” ಎಂದು ಜವಾನ ಪುಸ್ತಕವನ್ನು ಕಂಕುಳಿಗೆ ಸೇರಿಸಿಕೊಂಡು ಕುಂಟುತ್ತಾ ಹೋದ. ಅವನಿಗೆ ಮಂಡಿ ನೋವು, ನಿವೃತ್ತಿಗೆ ಐದು ತಿಂಗಳು.

ತಕ್ಕಡಿ ಒಂದು ಗಂಟೆ ಹುಡುಕಿದ. ಅಷ್ಟು ಹೊತ್ತು ಅವನು ಎಂದೂ ಹುಡುಕಿರಲಿಲ್ಲ. ಕೈ ತೊಳೆದುಕೊಂಡು ಬಂದು ಪತ್ರ ಬರೆದ. ಮೂರು ಗಂಟೆಗೆ ಪತ್ರ ಟಪಾಲಿಗೆ ಹೋಯಿತು. ಪುಸ್ತಕ ತರಿಸೋಣವೆಂದರೆ ಜವಾನ ಮಂಡಿ ತೋರಿಸಲು ಅರ್ಧ ದಿನ ರಜೆ ಹಾಕಿ ಹೋಗಿದ್ದ. ತಾನೇ ಹೋಗಿ ತರಬಹುದಿತ್ತು, ಹದಿನೈದು ಹೆಜ್ಜೆ. ಆದರೆ ಜವಾನನ ಕಂಕುಳಲ್ಲಿರುವ ಕಡತವನ್ನು ಯಾರೂ ನೋಡುವುದಿಲ್ಲ. ಗುಮಾಸ್ತನೇ ಕಡತ ಹಿಡಿದು ಪಡಸಾಲೆ ದಾಟಿದರೆ ಚೀಟಿಯೆಲ್ಲಿ ಎಂದು ಕೇಳುತ್ತಾರೆ. ಕೇಳಿದರೆ ಅವನು ಸುಳ್ಳು ಹೇಳಬೇಕಾಗುತ್ತದೆ. ಸೋಮವಾರ ತಂದರಾಯಿತು ಎಂದುಕೊಂಡು ಮನೆಗೆ ಹೋದ.

ಸೋಮವಾರ ನಕ್ಷೆ ವಿಭಾಗದಲ್ಲಿ ಹೊಸ ಬಣ್ಣದ ವಾಸನೆ. ಗೋಡೆಗೆ ಬಣ್ಣ ಬಳಿಯುವವರು ಶನಿವಾರವೇ ಬಂದು ಹೋಗಿದ್ದರು. ಕಿಟಕಿ ಕಟ್ಟೆ ಬರಿದಾಗಿ, ಬೆಳ್ಳಗೆ ಹೊಳೆಯುತ್ತಿತ್ತು.

“ಇಲ್ಲೊಂದು ನೀಲಿ ಪುಸ್ತಕ ಇತ್ತಲ್ಲ ಮೇಡಂ?”

ನಕ್ಷೆ ವಿಭಾಗದ ಮೇಡಂ ತಲೆ ಎತ್ತಲಿಲ್ಲ. “ಕಟ್ಟೆ ಮೇಲಿದ್ದಿದ್ದೆಲ್ಲ ರದ್ದಿ ಮೂಟೆಗೆ ಹೋಯ್ತು. ಹೊಸ ಸುತ್ತೋಲೆ ನೋಡಿಲ್ವಾ? ಚೀಟಿ ಇಲ್ಲದ ಕಾಗದ ಎಲ್ಲ ರದ್ದಿ. ಯಾರ ಮನೆ ಮಗು ಅಂತ ನಾನು ಊರೆಲ್ಲ ಕೇಳ್ಕೊಂಡು ಬರ್ಲಾ?” ಆಮೇಲೆ ತಲೆ ಎತ್ತಿ ಅವನ ಮುಖ ನೋಡಿ, “ನಿಮ್ದಾಗಿತ್ತಾ?” ಎಂದರು.

“ಅಲ್ಲ” ಎಂದುಬಿಟ್ಟ ತಕ್ಕಡಿ. ಬರೆದದ್ದಲ್ಲ, ಬಾಯಲ್ಲಿ ಬಂದದ್ದು. ಪಡಸಾಲೆಗೆ ಬಂದು ಗೋಡೆಗೆ ಕೈ ಊರಿದ. ಅಲ್ಲಿ ಅಂದು ಬೆಳಿಗ್ಗೆಯಷ್ಟೇ ಬಳಿದಿದ್ದ ಹಸಿ ಬಣ್ಣ ಅಂಗೈಗೆ ಅಂಟಿತು.

ಮಧ್ಯಾಹ್ನ ಬಸ್ಸು ಹಿಡಿದು ರದ್ದಿ ಒಯ್ಯುವ ಕಾಗದದ ಕಾರ್ಖಾನೆಗೆ ಹೋದ. ಗೇಟಿನಲ್ಲಿ ಕೂತಿದ್ದವನು ಬೀಡಿ ಆರಿಸಿ ಕಿವಿಯ ಮೇಲಿಟ್ಟುಕೊಂಡು ಹೇಳಿದ. “ಶನಿವಾರದ ಮೂಟೆನಾ? ನಿನ್ನೆಯೇ ತೊಟ್ಟಿಗೆ ಬಿತ್ತು. ಈಗ ಗಂಜಿ ಆಗಿರುತ್ತೆ. ಬೇಕಾದ್ರೆ ಒಂದು ಲೋಟ ತಗೊಂಡು ಹೋಗಿ.”

ಸಾಹೇಬರಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯುತ್ತಾರೆ ಎಂದುಕೊಂಡಿದ್ದ, ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು. “ಹೋಗ್ಲಿ ಬಿಡಿ” ಎಂದರು. “ಮೊನ್ನೆ ನೀವು ಬರೆದಿದ್ದು ಅರ್ಧ ನಿಜ ಆಗಿತ್ತು. ಈಗ ಪೂರ್ತಿ ನಿಜ ಆಯ್ತಲ್ಲ.”

ಮನೆಯಲ್ಲಿದ್ದುದು ತಕ್ಕಡಿ ಮತ್ತು ಅವನ ಅಕ್ಕ, ಇಬ್ಬರೇ. ತಂದೆತಾಯಿ ಹೋದ ಮೇಲೆ ಅಕ್ಕ ದರ್ಜಿಯವರ ಅಂಗಿಗಳಿಗೆ ಕಾಜಾ ಹೊಲಿದು, ಗುಂಡಿ ಹಾಕಿ ಅವನನ್ನು ಸಾಕಿದ್ದಳು. ಸಂಜೆ ಕಾಲೇಜಿಗೆ ಹೋಗುವಾಗ ಅವನ ಜೇಬಿನಲ್ಲಿ ಬಸ್ಸಿನ ಚಿಲ್ಲರೆ ಇರುತ್ತಿದ್ದದ್ದು ಆ ಗುಂಡಿಗಳಿಂದ. ಅಂದು ಸಂಜೆ ಅವನು ತಟ್ಟೆಯ ಮುಂದೆ ಕೂತು ಬೆರಳಾಡಿಸುತ್ತಿದ್ದ.

“ಏನೋ ಆಯ್ತು?”

ಅವನು ಎಲ್ಲ ಹೇಳಿದ. ಹದಿನಾಲ್ಕು ವರ್ಷದಲ್ಲಿ ಗಾಳಿಗೆ ಕಳಿಸುವ ವಿಷಯ ಮನೆಯಲ್ಲಿ ಹೇಳಿದ್ದು ಅದೇ ಮೊದಲು. ಅಕ್ಕ ಸೂಜಿಗೆ ದಾರ ಪೋಣಿಸುತ್ತಾ ಕೇಳಿದಳು.

“ನೀನು ಬರೆದಿದ್ದು ಸುಳ್ಳಾ?”

“ಸುಳ್ಳಲ್ಲ ಅಕ್ಕ. ಹುಡುಕ್ದೆ, ಇರಲಿಲ್ಲ.”

“ಮತ್ಯಾಕೆ ಊಟ ಗಂಟಲಲ್ಲಿ ಇಳೀತಿಲ್ಲ?”

ಅಕ್ಕ ದಾರದ ತುದಿಗೆ ಗಂಟು ಹಾಕಿದಳು. “ನೀನು ಓದೋಕೆ ಹೋಗ್ತಿದ್ದಾಗ, ನನ್ನ ತಮ್ಮ ಕಾಗದ ಓದೋ ಕೆಲಸ ಮಾಡ್ತಾನೆ ಅಂತ ಬೀದಿಗೆಲ್ಲ ಹೇಳಿದ್ದೆ. ಓದ್ದೆ ಇರೋಕೂ ಸಂಬಳ ಕೊಡ್ತಾರೆ ಅಂತ ಗೊತ್ತಿರಲಿಲ್ಲ.” ಸಿಟ್ಟಿನಿಂದ ಹೇಳಿದ್ದಲ್ಲ. ಹೇಳಿ, ತಟ್ಟೆಯನ್ನು ಅವನ ಕಡೆಗೆ ಇನ್ನಷ್ಟು ಸರಿಸಿದಳು.

ಇಸ್ತ್ರಿ ಅಂಗಡಿಯ ಹೆಂಗಸು ಪತ್ರ ಓದಿ ಸುಮ್ಮನಾಗುವವಳಲ್ಲ. ಮೇಲಿನ ಕಚೇರಿಗೆ ದೂರು ಕೊಟ್ಟಳು. ಅರ್ಜಿದಾರಳು ತಾನೇ ಬಂದು ಕಪಾಟುಗಳನ್ನು ನೋಡಬಹುದು ಎಂದು ಅಲ್ಲಿಂದ ಆದೇಶವಾಯಿತು. ಮೂರು ವಾರದ ನಂತರ ಆಕೆ ಬಂದಳು. ತಕ್ಕಡಿಯ ಪತ್ರವೂ ಆಕೆಯ ಬಳಿ ಎರಡು ರಟ್ಟುಗಳ ನಡುವೆಯೇ ಇತ್ತು, ಸುಕ್ಕಿಲ್ಲದೆ. ಕಪಾಟಿನ ಮುಂದೆ ನಿಂತು, ಮುಟ್ಟುವ ಮುನ್ನ ಸೆರಗಿಗೆ ಕೈ ಒರೆಸಿಕೊಂಡಳು. ಸಾಹೇಬರು ತಮ್ಮ ಕೋಣೆಯ ಬಾಗಿಲಲ್ಲಿ ನಿಂತಿದ್ದರು, ಜವಾನ ಸ್ಟೂಲಿನ ಮೇಲೆ ಮಂಡಿ ತಿಕ್ಕಿಕೊಳ್ಳುತ್ತಿದ್ದ.

ಆಕೆ ಒಂದೊಂದೇ ಕಟ್ಟು ಎತ್ತಿ ನೋಡಿ, ಇದ್ದ ಹಾಗೆಯೇ ಇಟ್ಟಳು. ಎರಡನೇ ಕಪಾಟಿನ ಮೂರನೇ ಅಂತಸ್ತಿನಲ್ಲಿ ಕೈ ನಿಂತಿತು. ತಗಡಿನ ಮೇಲೆ ದಪ್ಪ ಧೂಳು. ನಡುವೆ ಒಂದು ಪುಸ್ತಕದಷ್ಟು ಜಾಗದಲ್ಲಿ ಮಾತ್ರ ತೆಳ್ಳನೆಯ ಧೂಳು. ಎಲ್ಲ ಅಂತಸ್ತನ್ನೂ ಕೈಯಾಡಿಸಿ ಹುಡುಕುತ್ತಿದ್ದ ತಕ್ಕಡಿ ಆ ದಿನ ಅಲ್ಲಿ ಮಾತ್ರ ಕೈ ಹಾಕಿರಲಿಲ್ಲ. ಅದು ಅವನಿಗೆ ಈಗ ಗೊತ್ತಾಯಿತು.

“ಇಸ್ತ್ರಿಪೆಟ್ಟಿಗೆ ಇಟ್ಟು ಎತ್ತಿದ ಗುರುತಿನ ಹಾಗಿದೆ” ಎಂದಳು ಆಕೆ. “ಇಲ್ಲಿ ಏನಿತ್ತು ಸರ್?”

ಸಾಹೇಬರು ಕೆಮ್ಮಿದರು. ಆ ಕೆಮ್ಮಿನ ಅರ್ಥ ತಕ್ಕಡಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲ ಎಂದರೆ ಸುಳ್ಳು. ನೆನಪಿಲ್ಲ ಎಂದರೂ ಸುಳ್ಳು. ಈ ದಿನ ಇಲ್ಲಿ ಏನೂ ಇಲ್ಲ ಎಂದರೆ ನಿಜ. ನಾಲಿಗೆ ಅಭ್ಯಾಸದಿಂದ ಆ ನಿಜದ ಕಡೆಗೇ ಹೊರಟಿತ್ತು. ಆಕೆಯ ಕೈಯ ಸುಟ್ಟ ಗುರುತುಗಳನ್ನು ನೋಡಿದಾಗ ಮನೆಯಲ್ಲಿ ಸೂಜಿ ಚುಚ್ಚಿ ಗಟ್ಟಿಯಾದ ಇನ್ನೊಂದು ಬೆರಳು ನೆನಪಾಯಿತು.

“ಪಾಳಿ ಪುಸ್ತಕ ಇತ್ತು” ಎಂದ. “ನೀವು ಕೇಳಿದ್ದೇ. ನಾನೇ ತೆಗೆದು ಎದುರು ಕೋಣೆಗೆ ಕಳಿಸ್ದೆ. ಆಮೇಲೆ ಇಲ್ಲಿ ಹುಡುಕಿ, ಇಲ್ಲ ಅಂತ ಬರೆದೆ. ಅದು ಅಲ್ಲಿಂದ ರದ್ದಿಗೆ ಹೋಯ್ತು. ಈಗ ಎಲ್ಲೂ ಇಲ್ಲ.”

ಜವಾನ ಮಂಡಿ ತಿಕ್ಕುವುದನ್ನು ನಿಲ್ಲಿಸಿದ. ಸಾಹೇಬರ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ಆಕೆ ಕೂಗಾಡಲಿಲ್ಲ. ಬದಲಿಗೆ ಮುಖದಲ್ಲಿ ಏನೋ ಆಸೆ ಮೂಡಿತು. ಅದನ್ನು ನೋಡುವುದೇ ತಕ್ಕಡಿಗೆ ಕಷ್ಟವಾಯಿತು. “ಹಾಗಾದ್ರೆ ನೀವು ನೋಡಿದೀರಿ” ಎಂದಳು. “ಹೋಗ್ಲಿ, ಪುಸ್ತಕ ಹೋದ್ರೆ ಹೋಗ್ಲಿ. ನೀವು ನೋಡಿದೀರಲ್ಲ. ಬರೆದಿದ್ನಾ ನನ್ನ ತಮ್ಮ?”

“ನಾನು ಓದಲಿಲ್ಲ ಅಮ್ಮ.”

“ಒಂದು ಪುಟಾನೂ?”

“ಬಿಚ್ಚಲೇ ಇಲ್ಲ.”

“ಓದೋಕೆ ಬರುತ್ತೆ ತಾನೆ ನಿಮಗೆ?”

ಚುಚ್ಚಲು ಕೇಳಿದ್ದಲ್ಲ ಅದು. ನಿಜವಾಗಿಯೂ ಅರ್ಥವಾಗದೆ ಕೇಳಿದ್ದು. “ಬರುತ್ತೆ” ಎಂದ ತಕ್ಕಡಿ. ಆ ಒಂದು ಮಾತು ಹೇಳುವಾಗ ಅವನ ಕಿವಿ, ಕುತ್ತಿಗೆ, ಬೆನ್ನು ಎಲ್ಲ ಬಿಸಿಯಾದವು. ಸಂಜೆ ಕಾಲೇಜಿನ ಆರು ವರ್ಷ, ಅಕ್ಕನ ಸಾವಿರಾರು ಗುಂಡಿಗಳು, ಎಲ್ಲ ಸೇರಿ ಅವನಿಗೆ ಕಲಿಸಿದ್ದು ಓದುವುದನ್ನು. ಓದಬೇಕಾದ ಒಂದು ದಿನ ಅವನು ಗಂಟಿನ ಮೇಲಿನ ಬೆರಳು ತೆಗೆದಿದ್ದ.

ಆಗ ಅವನ ಬಾಯಿಂದ, ತೂಗದೆ, ಒಂದು ಮಾತು ಬಂತು. “ಬರೆದಿದ್ದ ಅಂತ ಬರೆದುಕೊಡ್ತೀನಿ ಅಮ್ಮ. ಮೂರು ಸಲ ಬರೆದಿದ್ದ, ನಾನು ಕಣ್ಣಾರೆ ನೋಡ್ದೆ ಅಂತ. ಸಹಿ ಹಾಕಿ ಕೊಡ್ತೀನಿ. ಮಂಡಳಿಯವರು ನಂಬ್ತಾರೆ.”

“ಮಂಡಳಿಯವರು ನಂಬ್ತಾರೆ ಸರ್. ಅವನು ಮನೇಲಿ ಕೂತ್ಕೊಂಡು ಕೇಳ್ತಾನಲ್ಲ, ಅವನಿಗೆ ಏನು ಹೇಳ್ಲಿ? ಓದ್ದೇ ಇರೋರು ಬರೆದುಕೊಟ್ರು ಅಂತನಾ?” ರಟ್ಟುಗಳನ್ನು ಜೋಡಿಸಿಕೊಂಡಳು. “ಆಗಿದ್ದನ್ನ ಬರೆದುಕೊಡಿ. ಅಷ್ಟು ಸಾಕು.”

ತಕ್ಕಡಿ ಬರೆದ. ಪುಸ್ತಕ ಇತ್ತು, ನಾನು ಕಳಿಸಿದೆ, ಚೀಟಿ ಹಾಕಲಿಲ್ಲ, ಎಲ್ಲೂ ದಾಖಲಿಸಲಿಲ್ಲ, ಆ ಪುಸ್ತಕವನ್ನು ನಾನು ಬಿಚ್ಚಿ ಓದಿಲ್ಲ. ಕೊನೆಯ ವಾಕ್ಯ ಬರೆಯುವಾಗ ಪೆನ್ನು ಎರಡು ಸಲ ನಿಂತಿತು. ಬರೆದಾದ ಮೇಲೆ ಒಂದೇ ಸಲ ಓದಿ ಸಹಿ ಹಾಕಿದ. ಶಾಯಿ ಒಣಗುವ ತನಕ ಆಕೆ ಕಾದು, ಕಾಗದವನ್ನು ಮಡಚದೆ ತೆಗೆದುಕೊಂಡು ಹೋದಳು.

“ನಿಮ್ಮ ಹೆಸರಿಗೆ ತಕ್ಕ ಹಾಗಾಯ್ತು ಸ್ವಾಮಿ” ಎಂದ ಜವಾನ, ಹೊಗಳಿದನೋ ಹಂಗಿಸಿದನೋ ತಿಳಿಯದ ಹಾಗೆ. “ನನ್ನ ಕಂಕುಳನ್ನೂ ಅದರಲ್ಲಿ ಸೇರಿಸಿದ್ರಾ?”

“ಇಲ್ಲ. ಕಳಿಸಿದೋನು ನಾನು.”

ತಕ್ಕಡಿಗೆ ನೋಟಿಸು ಬಂತು. ಈಗ ಅವನು ನೆಲಮಹಡಿಯ ಟಪಾಲು ವಿಭಾಗದಲ್ಲಿ ಬೇರೆಯವರು ಬರೆದ ಪತ್ರಗಳಿಗೆ ಅಂಟು ಹಚ್ಚುತ್ತಾನೆ. ಸಾಹೇಬರಿಗೆ ಬಡ್ತಿ ಸಿಕ್ಕಿತು.

ಮೇಲ್ಮನವಿ ಮಂಡಳಿಯ ವಿಚಾರಣೆಯಾಗಿ ಕೆಲವು ದಿನಗಳ ಮೇಲೆ ಅವನು ಎದೆ ಗಟ್ಟಿ ಮಾಡಿಕೊಂಡು ಇಸ್ತ್ರಿ ಅಂಗಡಿಗೆ ಹೋದ. ನೆಪಕ್ಕೆ ಒಂದು ಅಂಗಿ ಹಿಡಿದಿದ್ದ. ಆಕೆ ಅಂಗಿ ತೆಗೆದುಕೊಂಡು ಹಲಗೆಯ ಮೇಲೆ ಹರಡಿದಳು.

“ಪುಸ್ತಕ ಇಲಾಖೆಯಿಂದಲೇ ಹಾಳಾಗಿದ್ದಕ್ಕೆ ಆರೋಪ ಸಾಬೀತಾಗಿಲ್ಲ ಅಂದ್ರು” ಎಂದಳು. “ಕೆಲಸಕ್ಕೆ ವಾಪಸ್ ಬಾ ಅಂತ ಕಾಗದ ಬಂದಿದೆ.”

“ಒಳ್ಳೇದಾಯ್ತಲ್ಲ ಅಮ್ಮ.”

“ಹೋಗಲ್ಲ ಅಂತಾನೆ. ಸಾಬೀತಾಗಿಲ್ಲ ಅಂದ್ರೆ ಮಾಡಿಲ್ಲ ಅಂತ ಅಲ್ಲ ಅಕ್ಕ ಅಂತಾನೆ. ನಾನು ಬರೀದೆ ಇದ್ದಿದ್ರೆ ಆ ಅಜ್ಜನ ಕಾಲು ನನ್ನ ತಲೆ ಮೇಲೇ ತಾನೆ ಅಂತಾನೆ. ಗೋಡೆ ನೋಡ್ಕೊಂಡು ಕೂತಿರ್ತಾನೆ.” ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತಿದಳು. “ಗುಂಡಿ ಯಾರು ಹಾಕಿದ್ದು? ಗಟ್ಟಿಯಾಗಿದೆ.”

“ನಮ್ಮಕ್ಕ.”

ಆಕೆ ತಲೆಯಾಡಿಸಿದಳು. ಅಂಗಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟಳು. ಅವನು ಅದನ್ನು ಸುಕ್ಕಾಗದಂತೆ ಎರಡೂ ಕೈಯಲ್ಲಿ ಹಿಡಿದು ನಡೆದ.

ತಕ್ಕಡಿಗೆ ಆ ಪುಸ್ತಕದ ರಟ್ಟಿನ ಬಣ್ಣ ನೆನಪಿದೆ, ಲಾಡಿಯ ಗಂಟು ನೆನಪಿದೆ, ಚಹಾದ ಉಂಗುರ ಒಂದು ಕಡೆ ಮುರಿದಿದ್ದದ್ದೂ ನೆನಪಿದೆ. ಒಳಗೆ ಏನಿತ್ತು ಎಂದು ಅವನನ್ನು ಕೇಳಿ ಪ್ರಯೋಜನವಿಲ್ಲ. ಎಂಜಿನಿಯರಿಗೆ ಗೊತ್ತಿರಬಹುದು, ಅವರನ್ನು ಯಾರೂ ಕೇಳಿಲ್ಲ. ಪಂಪ್ ನಡೆಸುತ್ತಿದ್ದವನು ಮೂರು ಸಲ ಬರೆದಿದ್ದನೋ, ಒಂದು ಸಲ ಬರೆದಿದ್ದನೋ, ಬರೆಯಬೇಕೆಂದುಕೊಂಡು ಪೆನ್ನು ಕೆಳಗಿಟ್ಟು ಮನೆಗೆ ಹೋದನೋ, ಇದನ್ನು ಹೇಳುತ್ತಿರುವವರಿಗೂ ಗೊತ್ತಿಲ್ಲ.